ಹೊಳೆ ನೀರಿಗೂ ಬೇಕು ಈ ಸೆನ್ಸರ್

ಗಾಯದ ಮೇಲೆ ಅಂಟಿಸಿ ಆಕ್ಸಿಜನ್ ಅಳೆಯುವ, ಬಾಗುವ ಸೆನ್ಸರ್ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ಕೊಡಗಿನವರಿಗೆ ಮೊದಲು ನೆನಪಾಗುವುದು ಹೊಳೆ. ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ, ತಿರುಳು ತೆಗೆಯುವುದು) ಮಾಡಿದ ನೀರು ತೊರೆಗೆ ಸೇರಿದರೆ ಬ್ಯಾಕ್ಟೀರಿಯಾ ಹೆಚ್ಚಿ ಆಕ್ಸಿಜನ್ ಕುಸಿಯುತ್ತದೆ. ಆಕ್ಸಿಜನ್ ಅಳೆಯುವ ಹಳೆಯ ಸಾಧನವಾದ 1956ರ ಕ್ಲಾರ್ಕ್ ಎಲೆಕ್ಟ್ರೋಡ್ ಅಳೆಯುವಾಗ ತಾನೇ ಸ್ವಲ್ಪ ಆಕ್ಸಿಜನ್ ತಿನ್ನುತ್ತದೆ. ನೀವು ಬರೆದ ಸೆನ್ಸರ್ ಹಾಗಲ್ಲ. ಸಿಲಿಕೋನ್ ಪದರದಲ್ಲಿರುವ ಪ್ಲಾಟಿನಂ ಪಾರ್ಫಿರಿನ್ ಎಂಬ ಬಣ್ಣಕ್ಕೆ ಬೆಳಕು ಬಿಟ್ಟರೆ ಅದು ಕೆಂಪಗೆ ಹೊಳೆಯುತ್ತದೆ. ಆಕ್ಸಿಜನ್ ಜಾಸ್ತಿಯಾದಷ್ಟೂ ಹೊಳಪು ಬೇಗ ಆರುತ್ತದೆ. ಎಷ್ಟು ಹೊಳೆಯಿತು ಅನ್ನುವುದಕ್ಕಿಂತ ಎಷ್ಟು ಬೇಗ ಆರಿತು ಅಂತ ಅಳೆಯುವುದೇ ಜಾಣತನ. ಪದರ ಬಾಗಿದರೂ, ಬಣ್ಣ ಸ್ವಲ್ಪ ಮಾಸಿದರೂ ಲೆಕ್ಕ ಅಷ್ಟಾಗಿ ತಪ್ಪುವುದಿಲ್ಲ. ಆರುವ ವೇಗ ಉಷ್ಣಾಂಶಕ್ಕೂ ಬದಲಾಗುವುದರಿಂದ ಅದನ್ನು ಮಾತ್ರ ಜೊತೆಗೇ ಅಳೆಯಬೇಕು, ಲೇಖನದಲ್ಲಿ ಅದು ಬಿಟ್ಟುಹೋಗಿದೆ. ನಮ್ಮಲ್ಲಿ ಜನವರಿಯ ಬೆಳಗಿಗೂ ಮಧ್ಯಾಹ್ನಕ್ಕೂ ಎಷ್ಟು ವ್ಯತ್ಯಾಸ, ಅಲ್ವಾ? ಇನ್ನು ಹೊಳೆಯಲ್ಲಿ ಸೆನ್ಸರ್ ಮೇಲೆ ಪಾಚಿ ಕಟ್ಟಿದರೆ ಏನು ಮಾಡುತ್ತಾರೋ!