ಆರನೇ ಜಲಾಶಯ

ಸಿಯಾಟಲ್‌ಗೆ ಹೊರಟಾಗ ಎಲ್ಲರೂ ಒಂದೇ ಮಾತು ಹೇಳಿದ್ದರು. ಅಲ್ಲಿ ಮಳೆ ಜಾಸ್ತಿ, ತಡೆದುಕೊಳ್ಳೋದು ಕಷ್ಟ ಅಂತ. ನಾನು ತೀರ್ಥಹಳ್ಳಿ ಕಡೆಯವನು. ಆಗುಂಬೆ ಪಕ್ಕದಲ್ಲೇ ಬೆಳೆದವನಿಗೆ ಮಳೆಯ ಭಯ ಏನು ಅಂದುಕೊಂಡೇ ವಿಮಾನ ಹತ್ತಿದೆ. ಹನ್ನೆರಡು ವರ್ಷ ಆಯಿತು.

ಲೆಕ್ಕ ನೋಡಿದರೆ ಸಿಯಾಟಲ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 1,000 ಮಿಲಿಮೀಟರ್ ಮಳೆ. ಹೆಚ್ಚುಕಮ್ಮಿ ಬೆಂಗಳೂರಿನಷ್ಟೇ. ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ಆದರೆ ಇಲ್ಲಿ ಅಷ್ಟೇ ನೀರು ನೂರೈವತ್ತು ದಿನ ಹಂಚಿಕೊಂಡು ಬೀಳುತ್ತದೆ. ಗುಡುಗಿಲ್ಲ, ಮಿಂಚಿಲ್ಲ, ಬರೀ ಸೋನೆ. ಅಮ್ಮ ಒಂದು ನವೆಂಬರ್‌ನಲ್ಲಿ ಬಂದಿದ್ದಳು. ಎರಡು ದಿನ ಕಿಟಕಿ ಹತ್ತಿರ ಕೂತು ನೋಡಿ, "ಇದು ಮಳೆ ಅಲ್ಲ ಕಣೋ, ಮೋಡ ಬೆವರ್ತಾ ಇದೆ" ಅಂದಳು. ಡಿಸೆಂಬರ್‌ನಲ್ಲಂತೂ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಅಮ್ಮನಿಗೆ ಮಳೆಗಿಂತ ಆ ಕತ್ತಲೆಯೇ ಕಷ್ಟವಾಯಿತು.

ನನಗೆ ಕಷ್ಟವಾದದ್ದು ಬೇರೆ. ಇಲ್ಲಿ ಮಳೆಗಾಲ ಉಲ್ಟಾ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಪೆಸಿಫಿಕ್ ಸಾಗರದ ಮೋಡಗಳು ಒಂದರ ಹಿಂದೆ ಒಂದು ಬರುತ್ತವೆ. ಜುಲೈ, ಆಗಸ್ಟ್‌ನಲ್ಲಿ ಆಕಾಶ ಪೂರ್ತಿ ನೀಲಿ, ಅಂಗಳದ ಹುಲ್ಲು ಒಣಗಿ ಹಳದಿ. ಪುಷ್ಯ ಮಳೆ ಹೊಡೆಯುವ ದಿನಗಳಲ್ಲಿ ಊರಿಗೆ ಫೋನ್ ಮಾಡಿದರೆ, ತಗಡಿನ ಮೇಲೆ ಬೀಳುವ ಸದ್ದಿಗೆ ಅಣ್ಣನ ಮಾತೇ ಕೇಳಿಸುವುದಿಲ್ಲ. ನಾನು ಇಲ್ಲಿ ಪೈಪ್ ಹಿಡಿದು ಟೊಮೆಟೊ ಗಿಡಕ್ಕೆ ನೀರು ಬಿಡುತ್ತಿರುತ್ತೇನೆ. ಇಲ್ಲಿನ ಮಳೆಗೆ ಹೆಸರೂ ಇಲ್ಲ. ರೋಹಿಣಿ, ಮೃಗಶಿರ, ಆರಿದ್ರಾ ಅಂತ ಹದಿಮೂರು ಹದಿನಾಲ್ಕು ದಿನಕ್ಕೊಂದು ಹೆಸರಿಟ್ಟು, "ಆದ್ರೆ ಆರಿದ್ರಾ, ಇಲ್ಲದಿದ್ರೆ ದರಿದ್ರ" ಅಂತ ಮಾತಾಡಿಕೊಂಡು ಬಂದವರು ನಾವು. ಈ ವಿಷಯದಲ್ಲಿ ನಮ್ಮವರೇ ಮುಂದೆ ಅಂತ ಬಹಳ ವರ್ಷ ನಂಬಿದ್ದೆ.

ಆ ನಂಬಿಕೆ ಸ್ವಲ್ಪ ಅಲುಗಾಡಿದ್ದು ಒಂದು ಏಪ್ರಿಲ್ ಕೊನೆಯಲ್ಲಿ. ಸಿಂಧನೂರಿನ ಗೆಳೆಯನೊಬ್ಬ ಇಲ್ಲಿದ್ದಾನೆ. ಇಬ್ಬರೂ ಕಾರಲ್ಲಿ ಯಾಕಿಮಾ ಕಡೆ ಹೊರಟೆವು. ಸಿಯಾಟಲ್‌ನಿಂದ ಪೂರ್ವಕ್ಕೆ ಹೋದರೆ ಕ್ಯಾಸ್ಕೇಡ್ ಪರ್ವತಸಾಲು ಅಡ್ಡ ಬರುತ್ತದೆ. ನಮ್ಮ ಸಹ್ಯಾದ್ರಿಯ ಹಾಗೆಯೇ ಉತ್ತರ ದಕ್ಷಿಣವಾಗಿ ಮಲಗಿದ ಗೋಡೆ. ಇಲ್ಲಿನ ಕನ್ನಡ ಸಂಘಕ್ಕೆ ಸಹ್ಯಾದ್ರಿ ಅಂತಲೇ ಹೆಸರಿಟ್ಟಿದ್ದಾರೆ. ಘಟ್ಟ ಹತ್ತುವಾಗ ಎರಡೂ ಕಡೆ ಪಾಚಿ ಮೆತ್ತಿದ ದೊಡ್ಡ ದೊಡ್ಡ ಮರ, ಜರಿಗಿಡ, ಬಂಡೆಯಿಂದ ಇಳಿಯುವ ನೀರು. ಸುಮಾರು 920 ಮೀಟರ್ ಎತ್ತರದ ಸ್ನೊಕ್ವಾಲ್ಮಿ ಪಾಸ್‌ನಲ್ಲಿ ರಸ್ತೆ ಬದಿ ಇನ್ನೂ ಹಿಮದ ರಾಶಿ. ಆಚೆ ಇಳಿದು ಒಂದು ಗಂಟೆ ಆಗುವಷ್ಟರಲ್ಲಿ ಮರಗಳು ವಿರಳವಾಗಿ, ಆಮೇಲೆ ಇಲ್ಲವೇ ಇಲ್ಲ. ಬೋಳು ಗುಡ್ಡ, ಬೂದು ಬಣ್ಣದ ಕುರುಚಲು ಗಿಡ, ಗುಡ್ಡದ ಮೇಲೆ ಗಾಳಿಯಂತ್ರಗಳು. ಗೆಳೆಯ ಕಾರು ನಿಧಾನ ಮಾಡಿ, "ಇದು ಚಿತ್ರದುರ್ಗ ಅಲ್ಲೇನೋ!" ಅಂದ.

ನಿಜಕ್ಕೂ ಹಾಗೇ ಇತ್ತು. ಕಾರಣವೂ ಅದೇ. ಸಮುದ್ರದಿಂದ ಬಂದ ಒದ್ದೆ ಗಾಳಿ ಬೆಟ್ಟ ಹತ್ತುವಾಗ ತಣ್ಣಗಾಗಿ ನೀರು ಇಳಿಸುತ್ತದೆ. ಬೆಟ್ಟ ದಾಟುವಾಗ ಅದರ ಕೈ ಖಾಲಿ. ಆಗುಂಬೆಯಲ್ಲಿ ಸುರಿದ ಮುಂಗಾರು ಚಳ್ಳಕೆರೆ ಮುಟ್ಟುವಷ್ಟರಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿಗೆ ಬಂದು ನಿಲ್ಲುತ್ತದೆ. ಯಾಕಿಮಾದಲ್ಲಿ ಇನ್ನೂ ಕಡಿಮೆ, ಸುಮಾರು 200. ಚಳ್ಳಕೆರೆಯೇ ಅದಕ್ಕಿಂತ ಹಸಿ!

ಆದರೂ ಯಾಕಿಮಾ ಕಣಿವೆಗೆ ಇಳಿದರೆ ಕಣ್ಣು ಹಾಯುವಷ್ಟು ದೂರ ಸೇಬಿನ ತೋಟ. ಅಮೆರಿಕದ ಸೇಬಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳೆಯುವುದು ಈ ವಾಷಿಂಗ್ಟನ್ ರಾಜ್ಯದಲ್ಲೇ. ಬೇಸಿಗೆಯಲ್ಲಿ ಒಂದು ಹನಿ ಬೀಳದ ಕಡೆ ಇಷ್ಟು ಹಸಿರು ಎಲ್ಲಿಂದ? ತೋಟದ ಹಣ್ಣಿನಂಗಡಿಯಲ್ಲಿ ಒಬ್ಬ ಮುದುಕರನ್ನು ಕೇಳಿದೆ. ಅವರು ಪಶ್ಚಿಮದ ಬೆಳ್ಳಗಿನ ಸಾಲಿನತ್ತ ಬೆರಳು ತೋರಿಸಿದರು. ಮೇಲೆ ಐದು ಜಲಾಶಯಗಳಿವೆ, ಆದರೆ ಐದೂ ತುಂಬಿದರೂ ನಮಗೆ ಸಾಲದು, ನಮ್ಮನ್ನು ಸಾಕುವುದು ಆರನೆಯದು ಅಂದರು. ಆರನೆಯದು ಅಂದರೆ ಹಿಮ. ಈ ಕಣಿವೆಯವರು ಅದನ್ನು ಹಾಗೇ ಕರೆಯುತ್ತಾರೆ. ಚಳಿಗಾಲವೆಲ್ಲ ಬೆಟ್ಟದ ಮೇಲೆ ಕೂಡಿಟ್ಟ ನೀರು ಬೇಸಿಗೆಯಲ್ಲಿ ನಿಧಾನವಾಗಿ ಕರಗಿ, ಬೇಕಾದ ಹೊತ್ತಿಗೆ ಕಾಲುವೆಗೆ ಬರುತ್ತದೆ.

2015ರಲ್ಲಿ ಇಲ್ಲಿ ವಿಚಿತ್ರ ಬರ ಬಂತು. ಆ ಚಳಿಗಾಲ ಮೇಲಿನಿಂದ ಬಿದ್ದ ನೀರು ಹೆಚ್ಚುಕಮ್ಮಿ ಮಾಮೂಲಿನಷ್ಟೇ. ಆದರೆ ಚಳಿ ಸಾಲದೆ ಅದು ಹಿಮವಾಗದೆ ಮಳೆಯಾಗಿ ಬಿತ್ತು, ಬಿದ್ದಿದ್ದು ಬಿದ್ದಂಗೆ ಹರಿದುಹೋಯಿತು. ಮೇ ತಿಂಗಳಲ್ಲೇ ಇಡೀ ರಾಜ್ಯಕ್ಕೆ ಬರ ಘೋಷಣೆ. ಯಾಕಿಮಾದಲ್ಲಿ ನೀರಿನ ಹಕ್ಕು ತಡವಾಗಿ ಪಡೆದ ರೈತರಿಗೆ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ ಪಾಲು. ಮಳೆ ಬಂದೂ ಬರ. ಇದನ್ನು ಕೇಳಿದಾಗ ನನ್ನ ಎದೆಯಲ್ಲಿ ಏನೋ ಚುಚ್ಚಿದ ಹಾಗಾಯಿತು. ಇದು ನಮ್ಮ ಊರಿನ ಕಥೆಯೇ ಅಲ್ವಾ?

ವಾಪಸ್ ಬರುವಾಗ ಪಾಸ್‌ನಲ್ಲಿ ಇಳಿದೆವು. ರಸ್ತೆ ಬದಿಯ ಹಿಮದ ರಾಶಿ ನನ್ನ ಎದೆಮಟ್ಟ ಇತ್ತು. ಮೇಲೆ ಧೂಳು ಕೂತು ಕಪ್ಪಾಗಿತ್ತು. ಕೂತು ಬಗ್ಗಿ ನೋಡಿದೆ. ರಾಶಿಯ ಬುಡದಲ್ಲಿ ಬೆರಳಗಲದ ಸಂದು, ಅದರಿಂದ ನೀರು ಹನಿಹನಿಯಾಗಿ ಜಿನುಗಿ, ಕಲ್ಲಿನ ಮೇಲೆ ದಾರದಷ್ಟು ತೆಳುವಾಗಿ ಹರಿದು ಹುಲ್ಲಿನೊಳಗೆ ಸೇರುತ್ತಿತ್ತು. ಕೈ ಒಡ್ಡಿದರೆ ಬೆರಳು ಮರಗಟ್ಟುವ ತಂಪು. ನಮ್ಮ ಮನೆ ಹಿಂದಿನ ಧರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಒರತೆ ಥಟ್ಟನೆ ನೆನಪಾಯಿತು. ಮಳೆ ನಿಂತು ನಾಲ್ಕು ತಿಂಗಳಾದ ಮೇಲೂ, ಫೆಬ್ರವರಿಯಲ್ಲೂ, ಕಾನಿನ, ಅಂದರೆ ನಮ್ಮ ಕಡೆಯ ದಟ್ಟ ಕಾಡಿನ, ಬೇರುಗಳ ಸಂದಿಯಿಂದ ಹೀಗೇ ಜಿನುಗುತ್ತಿತ್ತು. ಅದು ಕೂಡಿ ಅಬ್ಬಿಯಾಗಿ, ಅಂದರೆ ಸಣ್ಣ ನೀರಿನ ಧಾರೆಯಾಗಿ, ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಹರಿದು ಬಚ್ಚಲಿಗೆ ಬರುತ್ತಿತ್ತು. ಆ ನೀರಿಗೆ ನಮ್ಮ ಮನೆಯಲ್ಲಿ ಯಾವತ್ತೂ ಪಂಪು ಇರಲಿಲ್ಲ.

ನಾನು ಹೇಳಬೇಕಾದ್ದು ಇಷ್ಟೇ. ನಮ್ಮ ಘಟ್ಟದಲ್ಲಿ ಹಿಮ ಬೀಳುವುದಿಲ್ಲ. ಇಲ್ಲಿನ ರೇನಿಯರ್ ಪರ್ವತ 4,392 ಮೀಟರ್, ನಮ್ಮ ಮುಳ್ಳಯ್ಯನಗಿರಿ 1,930. ನಾಲ್ಕು ತಿಂಗಳಲ್ಲಿ ಸುರಿದದ್ದನ್ನು ಉಳಿದ ಎಂಟು ತಿಂಗಳಿಗೆ ಬೆಟ್ಟದಲ್ಲಿ ಹಿಡಿದಿಡುವುದು ಕಾಡಿನ ಮಣ್ಣು. ತರಗೆಲೆ, ಬೇರು, ಅದರಡಿಯ ಸಡಿಲ ಮಣ್ಣು, ಬೆಟ್ಟದ ಕಣಿವೆಗಳ ಶೋಲಾ ಕಾಡು, ಹುಲ್ಲುಗಾವಲು, ಕಾನು. ಅದೇ ನಮ್ಮ ಹಿಮ. ಕಾನು ಕಡಿದು ಅಕೇಶಿಯಾ ನೆಟ್ಟರೆ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟವನ್ನೇ ಬೋಳಿಸಿ ತೋಟ ಏರಿಸಿದರೆ, ಮಳೆ ಮೊದಲಿನಷ್ಟೇ ಬಂದರೂ ನೀರು ನಿಲ್ಲುವುದಿಲ್ಲ. ನಮ್ಮ ಧರೆಯ ಮೇಲಿನ ಕಾನು ಹೋದದ್ದು ಹಾಗೇ. ಈಗ ಮನೆಗೆ ಬೋರ್‌ವೆಲ್ ಬಂದಿದೆ.

ಇದು ಬರೀ ಮಲೆನಾಡಿನವರ ಮಾತಲ್ಲ. ತುಂಗೆ, ಭದ್ರೆ ಎರಡೂ ಹುಟ್ಟುವುದು ಗಂಗಾಮೂಲದಲ್ಲಿ, ಸೇರುವುದು ಕೂಡಲಿಯಲ್ಲಿ, ಊಟ ಹಾಕುವುದು ಗಂಗಾವತಿ, ಸಿಂಧನೂರಿನ ಗದ್ದೆಗಳಿಗೆ. "ಕಾಲುವಿಗೆ ನೀರು ಬಿಟ್ಟಾರ ಅಂದ್ರ ನಮಗ ಅವತ್ತೇ ಹಬ್ಬ" ಅಂದ ನನ್ನ ಗೆಳೆಯ. ಅವನ ಊರಿನ ಭತ್ತಕ್ಕೂ ನಮ್ಮೂರ ಕಾನಿಗೂ ನಂಟಿದೆ ಅಂತ ನಾವಿಬ್ಬರೂ ಮೊದಲ ಸಲ ಬಾಯಿಬಿಟ್ಟು ಮಾತಾಡಿದ್ದು ಆ ಹಿಮದ ರಾಶಿಯ ಪಕ್ಕ ನಿಂತು.

ಇಲ್ಲಿನವರ ಒಂದು ಅಭ್ಯಾಸ ನನಗೆ ತುಂಬಾ ಹಿಡಿಸಿದೆ. ಬೆಟ್ಟದ ಮೇಲೆ ಅಲ್ಲಲ್ಲಿ ಹಿಮ ತೂಗುವ ಯಂತ್ರಗಳಿವೆ. ಎಷ್ಟು ಹಿಮ, ಅದರಲ್ಲಿ ಎಷ್ಟು ನೀರು ಅಂತ ದಿನಾ ಲೆಕ್ಕ ಬರುತ್ತದೆ. ಈ ಸಲ ತನಗೆ ಎಷ್ಟು ಪಾಲು ನೀರು ಸಿಗಬಹುದು ಅಂತ ರೈತನಿಗೆ ವಸಂತದಲ್ಲೇ ಅಂದಾಜು ಸಿಗುತ್ತದೆ. ನಾವು ಎಣಿಸುವುದು ಅಣೆಕಟ್ಟೆಗೆ ಬಂದ ಮೇಲೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಇಡೀ ರಾಜ್ಯ ಉಸಿರು ಬಿಗಿಹಿಡಿದು ಟಿಎಂಸಿ ಎಣಿಸಿತು. ಎಣಿಸಬೇಕಾದ್ದೇ. 133 ಟಿಎಂಸಿ ಹಿಡಿಯುತ್ತಿದ್ದ ಆ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ, ಒಂದೊಂದು ಹನಿಯೂ ಮುಖ್ಯ. ಆದರೆ ಬೆಟ್ಟದಲ್ಲಿ ಎಷ್ಟು ನೀರು ಉಳಿದಿದೆ ಅಂತ ಯಾವ ರೈತನೂ ಕೇಳಿದ್ದು ನಾನು ನೋಡಿಲ್ಲ. ಮಳೆಗೆ ಇಪ್ಪತ್ತೇಳು ಹೆಸರಿಟ್ಟ ಜನಕ್ಕೆ ಒರತೆಯ ಲೆಕ್ಕ ಇಡುವುದು ಕಷ್ಟವೇ? ಅದಕ್ಕೆ ಯಂತ್ರವೂ ಬೇಡ. ಯಾವ ಅಬ್ಬಿ ಯಾವ ದಿನ ನಿಂತಿತು ಅಂತ ಊರೂರಲ್ಲೂ ಬರೆದಿಟ್ಟರೆ ಸಾಕು, ಹತ್ತು ವರ್ಷದಲ್ಲಿ ಬೆಟ್ಟದ ಆರೋಗ್ಯ ಗೊತ್ತಾಗುತ್ತದೆ.

ಅಣ್ಣನಿಗೆ ಹೇಳಿದೆ. ಅವನು ಅಡುಗೆಮನೆ ಬಾಗಿಲ ಹಿಂದೆ ಕ್ಯಾಲೆಂಡರ್ ತೂಗುಹಾಕಿ, ಒರತೆ ನೋಡಿ ಬಂದ ದಿನ ಗುರುತು ಹಾಕುತ್ತಿದ್ದಾನೆ. ಹೋದ ವರ್ಷ ಜನವರಿ 28ಕ್ಕೆ ನಿಂತಿತ್ತು. ಧರೆಯ ಮೇಲೆ ಅವನು ಅಕೇಶಿಯಾ ತೆಗೆಸಿ ನೇರಳೆ, ಹೆಬ್ಬಲಸು, ರಂಜಲದ ಸಸಿ ನೆಡಿಸಿದ್ದಾನೆ. ಈ ವರ್ಷ ಫೆಬ್ರವರಿ 6ರಂದು ಫೋಟೋ ಕಳಿಸಿದ. ಬೇರಿನ ಸಂದಿಯಲ್ಲಿ ಇನ್ನೂ ಒದ್ದೆ ಇತ್ತು.