ಗೆದ್ದವರನ್ನು ತೆಗೆದುಬಿಟ್ಟರೆ ಆ ಸೀಸನ್ ನೆನಪಿರುತ್ತದಾ?

ಜನವರಿ ಬಂತೆಂದರೆ ನಮ್ಮ ಮನೆಯಲ್ಲಿ ಎರಡೇ ಕೆಲಸ. ಹಗಲು ಕಾಫಿ ಕೊಯ್ಲು, ರಾತ್ರಿ ಬಿಗ್ ಬಾಸ್. ಕಣದಲ್ಲಿ ಹರಡಿದ ಕಾಫಿಯನ್ನು ರಾಶಿ ಮಾಡಿ, ಟಾರ್ಪಾಲ್ ಮುಚ್ಚಿ, ಕೈಕಾಲು ತೊಳೆದು ಬಂದರೆ ಅತ್ತೆ ಆಗಲೇ ರಿಮೋಟ್ ಹಿಡಿದು ಕೂತಿರುತ್ತಾರೆ. 2013ರ ಮೊದಲ ಸೀಸನ್‌ನಿಂದ, ಯಾವ ತಿಂಗಳಲ್ಲಿ ಬಂದರೂ, ಬಿಡದೆ ನೋಡುತ್ತಿದ್ದೇವೆ. ಮೊನ್ನೆ ಅಡುಗೆಮನೆಯಲ್ಲಿ ಒಂದು ಜಗಳ ಶುರುವಾಯಿತು. ಗೆದ್ದವರಲ್ಲಿ ನಿಜವಾಗಿ ಗೆಲ್ಲಬೇಕಾದವರು ಯಾರು, ಸುಮ್ನೆ ಗೆದ್ದವರು ಯಾರು ಅಂತ. ಜಗಳ ಅಲ್ಲಿ ಮುಗಿಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಲೆಕ್ಕ 11ನೇ ಸೀಸನ್‌ವರೆಗೆ ಮಾತ್ರ. 12ನೇದು ಇನ್ನೂ ಬಿಸಿ ಇದೆ, ಆರಲಿ. ಮತ್ತೆ ನನ್ನ ಅಳತೆಗೋಲು ಒಂದೇ. ಗೆದ್ದವರನ್ನು ಆ ಮನೆಯಿಂದ ತೆಗೆದುಬಿಟ್ಟೆವು ಅಂತ ಇಟ್ಟುಕೊಳ್ಳಿ. ಆಗಲೂ ಆ ಸೀಸನ್ ಹಾಗೇ ನಡೆಯುತ್ತಿತ್ತು ಅನ್ನಿಸಿದರೆ, ಅವರಿಗೆ ಸಿಕ್ಕ ಹೊಗಳಿಕೆ ಜಾಸ್ತಿ ಆಯಿತು. ಅಷ್ಟೇ.

ಈ ಅಳತೆಗೆ ಪ್ರಥಮ್ ನಂಬರ್ ಒನ್. ಹೌದು, ನೀವು ಹಲ್ಲು ಕಡಿಯುತ್ತಿದ್ದೀರಿ ಅಂತ ಗೊತ್ತು. ನಾನೂ 4ನೇ ಸೀಸನ್ ಪೂರ್ತಿ ಹಲ್ಲು ಕಡಿದವಳೇ. ನಮ್ಮ ಭುವನ್ ಪೊನ್ನಣ್ಣ ಅದೇ ಮನೆಯಲ್ಲಿದ್ದರು, ಅವರಿಬ್ಬರಿಗೂ ಆಗುತ್ತಿರಲಿಲ್ಲ. ಕೊಡಗಿನಲ್ಲಿ ಕೂತು ನಾನು ಯಾರ ಪರ ಇದ್ದೆ ಅಂತ ಬೇರೆ ಹೇಳಬೇಕಾ? ಆದರೆ ಈಗ ಯೋಚಿಸಿದರೆ, ಆ ಸೀಸನ್‌ನಲ್ಲಿ ನನಗೆ ನೆನಪಿರುವುದೆಲ್ಲ ಆ ಮನುಷ್ಯ ಮಾಡಿದ್ದೇ. ನಿಲ್ಲಿಸದೆ ಮಾತಾಡಿದ್ದು, ಎಲ್ಲರ ತಾಳ್ಮೆ ಪರೀಕ್ಷೆ ಮಾಡಿದ್ದು, ಬೈಸಿಕೊಂಡು ಮರುದಿನ ಮತ್ತೆ ಅದೇ ಶುರು ಮಾಡಿದ್ದು. ರನ್ನರ್ ಅಪ್ ಕಿರಿಕ್ ಕೀರ್ತಿ ಹೆಸರಿನಲ್ಲೇ ಕಿರಿಕ್ ಇಟ್ಟುಕೊಂಡಿದ್ದರೂ ಪ್ರಥಮ್ ಮುಂದೆ ಸಾಧುವಾಗಿ ಕಂಡರು. ಪ್ರಥಮ್ ಇಲ್ಲದಿದ್ದರೆ ಆ ಮನೆಯಲ್ಲಿ ಏನಿತ್ತು? ಸೋಫಾ ಇತ್ತು.

ಎರಡನೆಯವರು ಶ್ರುತಿ. ಇಲ್ಲಿ ಅತ್ತೆಯೂ ನಾನೂ ಒಂದೇ ಪಕ್ಷ. 11 ಸೀಸನ್‌ಗಳಲ್ಲಿ ಗೆದ್ದ ಹೆಣ್ಣು ಇವರೊಬ್ಬರೇ, ಅದೂ 3ನೇ ಸೀಸನ್‌ನಲ್ಲಿ. ಆಮೇಲೆ ಇಷ್ಟು ವರ್ಷ ಸಂಗೀತಾ ಶೃಂಗೇರಿಯಂಥವರು ಬಂದರೂ ಟ್ರೋಫಿ ಗಂಡಸರ ಕೈಗೇ ಹೋಯಿತು. ಅತ್ತೆ ಕೇಳುತ್ತಾರೆ, "ಅಳುವ ಪಾತ್ರ ಮಾಡ್ತಿದ್ದಾಳೆ, ಹೋಗ್ತಾಳೆ ಅಂದಿದ್ರಲ್ಲ ಎಲ್ಲ, ಏನಾಯ್ತು?" ನಿಜ. ಸಿನಿಮಾದಲ್ಲಿ ಅಳಿಸಿದವರು ಆ ಮನೆಯಲ್ಲಿ ಲೆಕ್ಕ ಹಾಕಿ ಆಡಿದರು. ಯಾವಾಗ ಮಾತಾಡಬೇಕು, ಯಾವಾಗ ಬಾಯಿ ಮುಚ್ಚಬೇಕು ಅನ್ನುವುದು ಗೊತ್ತಿತ್ತು. ಹುಚ್ಚ ವೆಂಕಟ್ ಇನ್ನೊಬ್ಬ ಸ್ಪರ್ಧಿಯ ಮೇಲೆ ಕೈ ಮಾಡಿ ಹೊರಗೆ ಹೋದ ಸೀಸನ್ ಅದು. ಅಂಥ ಗಲಾಟೆಯ ನಡುವೆಯೂ ಮನೆ ಹಿಡಿದು ನಿಂತದ್ದು ಸುಲಭದ ಮಾತಲ್ಲ. ನಮ್ಮ ಕ್ರಿಕೆಟರ್ ಎನ್.ಸಿ. ಅಯ್ಯಪ್ಪ ಕೂಡ ಆ ಮನೆಯಲ್ಲಿದ್ದರು, ಆದರೂ ನನ್ನ ಮನಸ್ಸು ಶ್ರುತಿ ಕಡೆಗೇ ಹೋಯಿತು.

ಮೂರನೆಯದು 11ನೇ ಸೀಸನ್‌ನ ಹನುಮಂತ. ವೈಲ್ಡ್ ಕಾರ್ಡ್‌ನಲ್ಲಿ, ಅಂದರೆ ಆಟದ ನಡುವೆ, ಬಂದು ಗೆದ್ದ ಮೊದಲಿಗ, 5 ಕೋಟಿ ದಾಟಿದ ವೋಟು. ಲುಂಗಿ ಉಟ್ಟು, ಹಾವೇರಿ ಕಡೆಯ ಮಾತಾಡಿಕೊಂಡು, ಯಾರ ಮೇಲೂ ಕೂಗಾಡದೆ ಗೆದ್ದ. ಪೆದ್ದನ ಹಾಗೆ ಕಂಡರೂ ಆಟ ಚೆನ್ನಾಗಿ ಗೊತ್ತಿತ್ತು. ಮೇಲಿನ ಸ್ಥಾನ ಕೊಡದೆ ಇರಲು ಕಾರಣ ಇಷ್ಟೇ, ಉಳಿದವರು ಮೊದಲ ದಿನದಿಂದ ನವೆದ ವಾರಗಳನ್ನು ಆತ ನಮ್ಮ ಹಾಗೆ ಟಿವಿಯಲ್ಲಿ ನೋಡಬಹುದಿತ್ತು.

ಶೈನ್ ಶೆಟ್ಟಿ, ಚಂದನ್ ಶೆಟ್ಟಿ, ರೂಪೇಶ್ ಶೆಟ್ಟಿ. ಮೂವರೂ ನಡುವೆ ಇರಲಿ. ಇದರಲ್ಲಿ ರೂಪೇಶ್ ಪಾಪ ಓಟಿಟಿ ಸೀಸನ್ ಮುಗಿಸಿ ಮತ್ತೆ ಅದೇ ಮನೆಗೆ ಹೋದವರು, ಆ ತಾಳ್ಮೆಗೇ ಒಂದು ಮೆಟ್ಟಿಲು ಜಾಸ್ತಿ. ಚಂದನ್ ಸೀಸನ್‌ನಲ್ಲಿ ನನಗೆ ಇಷ್ಟವಾದದ್ದು ದಿವಾಕರ್. ಸೇಲ್ಸ್‌ಮನ್ ಕೆಲಸ ಮಾಡಿಕೊಂಡಿದ್ದ ಸಾಮಾನ್ಯ ಮನುಷ್ಯ ಫೈನಲ್ ತನಕ ಬಂದು ಸುದೀಪ್ ಪಕ್ಕದಲ್ಲಿ ನಿಂತದ್ದು ಇವತ್ತಿಗೂ ಕಣ್ಣ ಮುಂದಿದೆ. ಅಕುಲ್ ಬಾಲಾಜಿ ಗೆದ್ದ 2ನೇ ಸೀಸನ್ ಬಗ್ಗೆ ತೀರ್ಪು ಕೊಡುವ ಹಕ್ಕು ನನಗಿಲ್ಲ. 2014ರ ಮಳೆಗಾಲದಲ್ಲಿ ಬಂದ ಸೀಸನ್ ಅದು. ಅರ್ಧ ಎಪಿಸೋಡ್ ಕರೆಂಟ್ ನುಂಗಿತು, ಇನ್ನರ್ಧ ಡಿಶ್ ನುಂಗಿತು. ನಮ್ಮ ಶ್ವೇತಾ ಚೆಂಗಪ್ಪ ಇದ್ದರು ಅಂತ ಮಾತ್ರ ಛಲ ಬಿಡದೆ ನೋಡಿದೆವು.

ಈಗ ಬೈಸಿಕೊಳ್ಳುವ ಭಾಗಕ್ಕೆ ಬರೋಣ.

ವಿಜಯ್ ರಾಘವೇಂದ್ರ. ಆ ಮನುಷ್ಯನನ್ನು ಇಷ್ಟಪಡದವರು ಯಾರಿದ್ದಾರೆ? ಚಿಕ್ಕ ಹುಡುಗನಾಗಿದ್ದಾಗಿನಿಂದ ಪರದೆ ಮೇಲೆ ನೋಡಿದ ಮುಖ, ಯಾರ ಮನಸ್ಸನ್ನೂ ನೋಯಿಸದ ಮಾತು. ಆದರೆ ಆ ಮೊದಲ ಸೀಸನ್ ಅನ್ನು ಹೆಗಲ ಮೇಲೆ ಹೊತ್ತದ್ದು ಅರುಣ್ ಸಾಗರ್. ಕೈಗೆ ಏನು ಸಿಕ್ಕರೂ ಅದರಿಂದ ಒಂದು ನಾಟಕ ಎಬ್ಬಿಸುತ್ತಿದ್ದರು. ಕೊನೆಗೆ ರನ್ನರ್ ಅಪ್. ಆಗ ಅತ್ತೆ ಹೇಳಿದ ಮಾತು ನಮ್ಮ ಮನೆಯಲ್ಲಿ ಈಗಲೂ ಓಡುತ್ತದೆ: "ಒಳ್ಳೆಯವನು ಅಂತ 50 ಲಕ್ಷ ಕೊಡೋದಾದ್ರೆ ನಾನೂ ಒಳ್ಳೆಯವಳೇ."

6ನೇ ಸೀಸನ್‌ನ ಶಶಿಕುಮಾರ್ ಬಗ್ಗೆ ಬರೆಯಲು ಸ್ವಲ್ಪ ಸಂಕಟ. ಆಧುನಿಕ ರೈತ ಅಂತ ಬಂದವರು, ಕೃಷಿ ಓದಿದವರು. ನಾವೂ ಮಣ್ಣಿನಲ್ಲೇ ಇರುವವರು, ಖುಷಿಯಿಂದಲೇ ಟಿವಿ ಹಾಕಿದೆವು. ಟಾಸ್ಕ್‌ಗಳಲ್ಲಿ ಚೆನ್ನಾಗಿ ಆಡಿದರು, ಸುಳ್ಳು ಹೇಳಬಾರದು. ಆದರೆ ರೈತ ಅನ್ನುವ ಪದ ಅವರಿಗಿಂತ ಜಾಸ್ತಿ ವೋಟು ತಂದಿತು ಅಂತ ನನ್ನ ಗುಮಾನಿ. ಆ ಪದಕ್ಕೆ ಅಷ್ಟು ಬೆಲೆ ಇದ್ದರೆ ಕರಿಮೆಣಸು ಮಾರಲು ಹೋದಾಗ ಯಾಕೆ ಸಿಗುವುದಿಲ್ಲವೋ! ನವೀನ್ ಸಜ್ಜು ಗೆಲ್ಲಬೇಕಿತ್ತು ಅಂತ ಆಗಲೂ ಅಂದಿದ್ದೆ, ಈಗಲೂ ಅನ್ನುತ್ತೇನೆ.

ಮಂಜು ಪಾವಗಡ ಕೋವಿಡ್‌ನಿಂದ ಅರ್ಧಕ್ಕೆ ನಿಂತು ಮತ್ತೆ ಶುರುವಾದ ಸೀಸನ್‌ನ ವಿನ್ನರ್. 2021ರ ಆಗಸ್ಟ್‌ನಲ್ಲಿ ಫಿನಾಲೆ, ಹೊರಗೆ ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮಳೆ. ಆ ದಿನಗಳಲ್ಲಿ ನಮ್ಮನ್ನು ನಗಿಸಿದ ಋಣ ಇದೆ, ಅವರ ಬಗ್ಗೆ ನಾನು ಏನೂ ಅನ್ನುವುದಿಲ್ಲ. ಡಾಕರ್ ರ್‍ಯಾಲಿಯಲ್ಲಿ ಬೈಕ್ ಓಡಿಸಿದ ಅರವಿಂದ್ ಕೆ.ಪಿ. ಗೆದ್ದಿದ್ದರೂ ಬೇಜಾರಾಗುತ್ತಿರಲಿಲ್ಲ, ಅಷ್ಟೇ.

ಕೊನೆಯ ಸ್ಥಾನ ಕಾರ್ತಿಕ್ ಮಹೇಶ್‌ಗೆ. 10ನೇ ಸೀಸನ್ ಅಂದರೆ ನಿಮಗೆ ಏನು ನೆನಪಾಗುತ್ತದೆ? ವಿನಯ್ ಗೌಡನ ಗುಡುಗು. ಸಂಗೀತಾ ಹಟ. ಡ್ರೋನ್ ಪ್ರತಾಪ್ ಮೂಲೆಯಲ್ಲಿ ಕೂತದ್ದು. ಅರಣ್ಯ ಇಲಾಖೆಯವರು ಹುಲಿ ಉಗುರಿನ ಲಾಕೆಟ್‌ಗೆ ವರ್ತೂರು ಸಂತೋಷ್ ಅವರನ್ನು ಬಿಗ್ ಬಾಸ್ ಮನೆಯಿಂದಲೇ ಕರೆದುಕೊಂಡು ಹೋದದ್ದು. (ಆ ರಾತ್ರಿ ನಮ್ಮ ಕಡೆ ಎಷ್ಟು ಹಳೇ ಮನೆಗಳಲ್ಲಿ ಪೆಟ್ಟಿಗೆ ತೆಗೆದು ನೋಡಿದರೋ, ಶಿವನೇ ಬಲ್ಲ.) ನಮ್ಮ ತನಿಷಾ ಕುಪ್ಪಂಡ ಮುಖಕ್ಕೆ ಹೊಡೆದ ಹಾಗೆ ಮಾತಾಡಿದ್ದು. ಇಷ್ಟೆಲ್ಲ ಆದಮೇಲೆ ಕಾರ್ತಿಕ್ ನೆನಪಾಗುತ್ತಾರೆ. ಚೆನ್ನಾಗಿ ಆಡಿದ ಹುಡುಗ, ಆದರೆ ಸೀಸನ್ ಅವರದ್ದಲ್ಲ.

ಶ್ವೇತಾ, ಹರ್ಷಿಕಾ ಪೂಣಚ್ಚ, ಅಯ್ಯಪ್ಪ, ಭುವನ್, ತನಿಷಾ. ನಮ್ಮ ಕಡೆಯ ಇಷ್ಟು ಜನ ಹೋದರೂ ಈ 11 ಟ್ರೋಫಿಗಳಲ್ಲಿ ಒಂದೂ ಕೊಡಗಿಗೆ ಬರಲಿಲ್ಲ ಅಂತ ಗೊಣಗುವವರಿಗೆ ಒಂದು ಲೆಕ್ಕ. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನ ಐದೂವರೆ ಲಕ್ಷ. ಹಸುಗೂಸಿನಿಂದ ಅಜ್ಜನವರೆಗೆ ಎಲ್ಲರೂ ಫೋನ್ ಹಿಡಿದು ಕೂತರೂ, ಹನುಮಂತನ 5 ಕೋಟಿ ಮುಟ್ಟಲು ಒಬ್ಬೊಬ್ಬರು ತೊಂಬತ್ತು ವೋಟು ಒತ್ತಬೇಕು. ಅದೂ ನೆಟ್‌ವರ್ಕ್ ಇದ್ದರೆ! ನಮ್ಮ ಮನೆಯಲ್ಲಿ ಸಿಗ್ನಲ್ ಬರುವುದು ತೋಟದ ಮೇಲಿನ ಬಂಡೆ ಹತ್ತಿದರೆ ಮಾತ್ರ. ಕತ್ತಲಾದ ಮೇಲೆ ಅಲ್ಲಿಗೆ ಹೋಗಬೇಕೆಂದರೆ ಮೊದಲು ಆನೆ ಯಾವ ಕಡೆ ಇದೆ ಅಂತ ವಿಚಾರಿಸಬೇಕು.

ಇಷ್ಟು ಬರೆದು ಅತ್ತೆಗೆ ಓದಿ ಹೇಳಿದೆ. ಕೊನೆಯ ಸ್ಥಾನದ ಹೆಸರು ಬರುತ್ತಿದ್ದ ಹಾಗೆ ನಿಲ್ಲಿಸಿದರು. 2024ರ ಜನವರಿಯಲ್ಲಿ, ಫಿನಾಲೆ ವಾರ, ಟಾರ್ಚ್ ಹಿಡಿದು ಬಂಡೆ ಹತ್ತಿ ಕಾರ್ತಿಕ್‌ಗೆ ವೋಟು ಹಾಕಿ ಬಂದದ್ದು ಯಾರು ಅನ್ನುವುದನ್ನೂ ಬರೆಯಬೇಕಂತೆ.

ನಾನೇ. ಅತ್ತೆ ಕಳಿಸಿದ್ದು.