‘ಹೂಂ’ ಅನ್ನುವವರು ಬೇಕು

ಫೋನಿನಲ್ಲಿ ಮಾತಾಡುವಾಗ ಆ ಕಡೆಯವರು ಸ್ವಲ್ಪ ಹೊತ್ತು ‘ಹೂಂ’ ಅನ್ನದಿದ್ದರೆ ನಮಗೆ ಮಾತು ಮುಂದುವರಿಸಲು ಆಗುವುದಿಲ್ಲ. ತಟ್ಟನೆ ನಿಲ್ಲಿಸಿ ‘ಹಲೋ, ಇದ್ದೀರಾ?’ ಅಂತ ಕೇಳುತ್ತೇವೆ. ಕೇಳಿಸ್ತಾ ಅಂತಲ್ಲ, ಇದ್ದೀರಾ ಅಂತ!

ಸ್ವಲ್ಪ ದಿನದ ಹಿಂದೆ ಗೆಳತಿಯೊಬ್ಬಳ ಹತ್ತಿರ ಕಷ್ಟ ಹೇಳಿಕೊಳ್ಳುತ್ತಿದ್ದೆ. ಎದುರಿಗೇ ಕೂತಿದ್ದಳು, ಕಣ್ಣು ಮಾತ್ರ ಮೊಬೈಲ್ ಮೇಲೆ. ‘ಹೇಳು, ಕೇಳಿಸ್ಕೊಳ್ತಾ ಇದೀನಿ’ ಅಂದಳು. ಕೇಳಿಸಿಕೊಳ್ಳುತ್ತಲೂ ಇದ್ದಳು, ಅದು ಸುಳ್ಳಲ್ಲ. ಆದರೂ ನಾನು ತಡವರಿಸಿದೆ. ಮುಖ್ಯ ವಿಷಯಕ್ಕೆ ಬರುವಷ್ಟರಲ್ಲಿ ‘ಬಿಡು, ಅಂಥದ್ದೇನಿಲ್ಲ’ ಅಂತ ಮುಗಿಸಿಬಿಟ್ಟೆ. ನನಗೇ ಹೇಳಲು ಬರುವುದಿಲ್ಲವೇನೋ ಅಂದುಕೊಂಡು ಎದ್ದು ಬಂದೆ.

ತಪ್ಪು ನನ್ನೊಬ್ಬಳದೇ ಅಲ್ಲ ಅಂತ ಗೊತ್ತಾಗಿದ್ದು ಕೆನಡಾದ ಮನಶ್ಶಾಸ್ತ್ರಜ್ಞೆ ಜಾನೆಟ್ ಬಾವೆಲಸ್ ಮತ್ತು ಸಂಗಡಿಗರ ಪ್ರಯೋಗದ ಬಗ್ಗೆ ಓದಿದಾಗ. 2000ದಲ್ಲಿ ಪ್ರಕಟವಾಗಿದ್ದು. ಒಬ್ಬರು ತಾವು ಕೂದಲೆಳೆಯಲ್ಲಿ ಅಪಾಯದಿಂದ ಪಾರಾದ ಕಥೆ ಹೇಳಬೇಕು. ಕೇಳುವವರಲ್ಲಿ ಕೆಲವರಿಗೆ ಬೇರೆ ಕೆಲಸ: ‘ಟಿ’ ಅಕ್ಷರದಿಂದ ಶುರುವಾಗುವ ಇಂಗ್ಲಿಷ್ ಪದಗಳನ್ನು ಲೆಕ್ಕ ಹಾಕುವುದು. ಅಂದರೆ ಒಂದು ಪದವೂ ತಪ್ಪದಂತೆ ಕೇಳಲೇಬೇಕು. ಕೇಳಿದರು ಕೂಡ. ಆದರೆ ‘ಅಯ್ಯೋ’ ಅನ್ನಬೇಕಾದ ಕಡೆ ಅನ್ನಲಿಲ್ಲ, ಮುಖದಲ್ಲಿ ಗಾಬರಿ ಕಾಣಲಿಲ್ಲ. ಎಡವಿದ್ದು ಕಥೆ ಹೇಳುವವರು! ಅದೂ ಕೊನೆಯಲ್ಲಿ, ಎದೆ ಝಲ್ಲೆನ್ನಬೇಕಾದ ಜಾಗದಲ್ಲಿ. ಹೇಳಿದ್ದನ್ನೇ ಹೇಳಿದರು. ಅದು ಯಾಕೆ ಅಪಾಯವಾಗಿತ್ತು ಅಂತ ಸಮಜಾಯಿಷಿ ಕೊಡತೊಡಗಿದರು. ಓದುವಾಗ ನನ್ನ ‘ಬಿಡು, ಅಂಥದ್ದೇನಿಲ್ಲ’ ನೆನಪಾಗಿ ಕಣ್ಣು ತುಂಬಿತು.

ಎದುರಿನವರು ‘ಇದ್ದಾರೆ’ ಅನ್ನಿಸುವುದಕ್ಕೆ ಸಾಮಾಜಿಕ ಇರುವಿಕೆ ಅನ್ನುತ್ತಾರೆ. 1976ರಲ್ಲೇ ಬ್ರಿಟನ್ನಿನ ಮೂವರು ಸಂಶೋಧಕರು ಇದರ ಬಗ್ಗೆ ಬರೆದಿದ್ದರು. ಮುಖಾಮುಖಿ ಭೇಟಿಯಲ್ಲಿ ಇದು ಎಲ್ಲಕ್ಕಿಂತ ಜಾಸ್ತಿ, ಬರೀ ದನಿಯಲ್ಲಿ ಕಡಿಮೆ, ಬರಹದಲ್ಲಿ ಇನ್ನೂ ಕಡಿಮೆ ಅಂತ ಅವರ ಲೆಕ್ಕ. ಆಗ ಅದು ಸರಿಯಿತ್ತು ಅನ್ನಿಸುತ್ತದೆ. ಆಗ ಎದುರಿಗೆ ಕೂತವರ ಕೈಯಲ್ಲಿ ಮೊಬೈಲ್ ಇರಲಿಲ್ಲ ಅಲ್ವಾ. ಈಗ ಹತ್ತಿರ ಕೂತ ಮಾತ್ರಕ್ಕೆ ಜೊತೆಗಿದ್ದೇವೆ ಅಂತ ನಾನು ಒಪ್ಪುವುದಿಲ್ಲ. ಪಕ್ಕದಲ್ಲಿದ್ದೂ ಇಲ್ಲದಿರುವುದು ದೂರ ಇರುವುದಕ್ಕಿಂತ ಜಾಸ್ತಿ ನೋಯಿಸುತ್ತದೆ.

ಆಮೇಲೊಂದು ರಾತ್ರಿ ಅದೇ ಗೆಳತಿ ತಾನೇ ಫೋನ್ ಮಾಡಿದಳು. ‘ಅವತ್ತು ಏನೋ ಹೇಳ್ತಿದ್ದೆ, ಪೂರ್ತಿ ಹೇಳಲೇ ಇಲ್ಲ ನೀನು’ ಅಂದಳು. ಮುಖ ಕಾಣುತ್ತಿರಲಿಲ್ಲ. ಬರೀ ‘ಹೂಂ’, ‘ಅಯ್ಯೋ’, ‘ಆಮೇಲೆ?’ ಅಷ್ಟೇ. ನಡುವೆ ಒಮ್ಮೆ ನನಗೆ ಮಾತೇ ಹೊರಡಲಿಲ್ಲ. ಅವಳೂ ಸುಮ್ಮನಿದ್ದಳು. ಉಸಿರು ಕೇಳಿಸುತ್ತಿತ್ತು. ‘ಇದ್ದೀಯಾ?’ ಅಂತ ನಾನು ಕೇಳಲಿಲ್ಲ.